ಹೊರದೇಶದ ಸಂಶೋಧನಾ ಕೇಂದ್ರಗಳಲ್ಲಿ ‘ನಾವೂ ಇಲ್ಲಿಯವರೇ’ ಅನ್ನಿಸುವುದು ಯಾವಾಗ?

ತುಂಗಾತೀರ:

ನಮ್ಮ ಈ ಚರ್ಚಾ ವೇದಿಕೆಯಲ್ಲಿ ಆಗಾಗ ಒಂದು ಪ್ರಶ್ನೆ ಬರುತ್ತದೆ. ಹೊರದೇಶದ ಸಮ್ಮೇಳನಕ್ಕೋ ಬೇಸಿಗೆ ಶಾಲೆಗೋ ಹೋದೆ, ಒಂಟಿ ಅನ್ನಿಸಿತು, ಊಟಕ್ಕೆ ಯಾರ ಪಕ್ಕ ಕೂರಬೇಕೋ ಗೊತ್ತಾಗಲಿಲ್ಲ, ಏನು ಮಾಡಲಿ ಅಂತ. ಉತ್ತರಗಳೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಧೈರ್ಯ ಮಾಡಿ, ನೀವೇ ಹೋಗಿ ಮಾತಾಡಿಸಿ, ಇಂಗ್ಲಿಷ್ ಸುಧಾರಿಸಿಕೊಳ್ಳಿ. ಸಲಹೆ ತಪ್ಪಲ್ಲ. ಆದರೆ ಎಲ್ಲ ಭಾರವನ್ನೂ ಹೋದವರ ತಲೆ ಮೇಲೆ ಹಾಕಿದ ಹಾಗಾಗುತ್ತದೆ. ಅಲ್ಲಿಗೆ ಮತ್ತೆ ಬರಲು ದಾರಿ ಇದೆಯಾ, ಅಲ್ಲಿ ನಮ್ಮಿಂದ ಆಗಬೇಕಾದ ಕೆಲಸ ಇದೆಯಾ ಅನ್ನುವುದು ನಮ್ಮ ಸ್ವಭಾವಕ್ಕಿಂತ ಮುಖ್ಯ ಅಂತ ನಾನು ನಂಬಿದ್ದೇನೆ.

ನಾನು ಶಿವಮೊಗ್ಗ ಕಡೆಯ ಪದವಿ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಇಟಲಿಯ ಟ್ರಿಯೆಸ್ಟೆಯಲ್ಲಿರುವ ಐಸಿಟಿಪಿಗೆ ಅಸೋಸಿಯೇಟ್ ಆಗಿ ಹೋಗಿ ಬರುತ್ತಿದ್ದೇನೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಇದು 1964ರಲ್ಲಿ ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ ಕಟ್ಟಿದ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ. ಖರ್ಚಿನ ದೊಡ್ಡ ಪಾಲು ಇಟಲಿ ಸರ್ಕಾರದ್ದು. ಯುನೆಸ್ಕೊ ಮತ್ತು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಜೊತೆಗಿವೆ. ಹಿಂದುಳಿದ ದೇಶಗಳ ವಿಜ್ಞಾನಿಗಳಿಗಾಗಿಯೇ ಹುಟ್ಟಿದ ಜಾಗ.

ಸಲಾಂ ಕೇಂಬ್ರಿಜ್‌ನಲ್ಲಿ ಹೆಸರು ಮಾಡಿ, 1951ರಲ್ಲಿ ಲಾಹೋರಿನ ಗವರ್ನಮೆಂಟ್ ಕಾಲೇಜಿಗೆ ಮೇಷ್ಟ್ರಾಗಿ ವಾಪಸ್ ಬಂದರು. ಅಲ್ಲಿ ಸಂಶೋಧನೆಗೆ ಜೊತೆಗಾರರಿಲ್ಲ. ಪಾಠದ ಜೊತೆಗೆ ಇನ್ನೊಂದು ಕೆಲಸ ಮಾಡಲೇಬೇಕು ಅಂತ ಕಾಲೇಜು ಹೇಳಿತು, ಫುಟ್‌ಬಾಲ್ ಕ್ಲಬ್ಬಿನ ಉಸ್ತುವಾರಿ ಅವರ ಪಾಲಿಗೆ ಬಂತು. ಹೆಸರಾಂತ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಪೌಲಿ ಬಾಂಬೆಗೆ ಬಂದಿದ್ದಾರೆ ಅಂತ ಅವರನ್ನು ನೋಡಲು ಹೋಗಿ ಬಂದರೆ, ರಜೆ ಪಡೆಯದೆ ಹೋದಿರಿ ಅಂತ ವಿವರಣೆ ಕೇಳಿದರು. 1954ರಲ್ಲಿ ಮತ್ತೆ ಕೇಂಬ್ರಿಜ್‌ಗೆ ಹೊರಟರು. ದೇಶ ಬಿಡಬೇಕು, ಇಲ್ಲವೇ ವಿಜ್ಞಾನ ಬಿಡಬೇಕು ಅನ್ನುವ ಸಂಕಟ ಬೇರೆಯವರಿಗೆ ಬರಬಾರದು ಅಂತಲೇ ಮುಂದೆ ಈ ಅಸೋಸಿಯೇಟ್ ಯೋಜನೆ ಮಾಡಿದರು. ನಿಮ್ಮ ಊರಲ್ಲೇ ಕೆಲಸದಲ್ಲಿರಿ. ಕೆಲವು ವರ್ಷಗಳ ಅವಧಿಯಲ್ಲಿ ಮೂರು ಸಲ ಬನ್ನಿ. ಪ್ರತಿ ಸಲ ಕೆಲವು ವಾರ ಕೂತು ಕೆಲಸ ಮಾಡಿಕೊಂಡು ಹೋಗಿ.

ನನ್ನ ಮೊದಲ ಭೇಟಿ ಚೆನ್ನಾಗಿಯೇ ಇತ್ತು. ಎಲ್ಲರೂ ನಗುಮುಖದಿಂದ ಮಾತಾಡಿಸಿದರು. ಎದುರಿಗೇ ಸಮುದ್ರ. ಪಕ್ಕದಲ್ಲೇ ಮಿರಾಮಾರೆ ಅರಮನೆಯ ತೋಟ. ಆದರೂ ನಾನು ಅತಿಥಿಯೇ. ಎರಡನೇ ಸಲ ಹೋದಾಗ ಕ್ಯಾಮರೂನಿನ ಸಂಶೋಧಕರೊಬ್ಬರು ಲಿಯೊನಾರ್ಡೊ ಕಟ್ಟಡದ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನೇರ ನನ್ನ ಹತ್ತಿರ ಬಂದರು. ನಾನು ಮರಳು, ಕಾಳು ಇಂಥವುಗಳ ರಾಶಿ ಹೇಗೆ ಜಾರುತ್ತದೆ ಅನ್ನುವುದರ ಮೇಲೆ ಕೆಲಸ ಮಾಡುವವಳು. ಅವರು ಕುಶಲ ಕೂಡ ಕೇಳಲಿಲ್ಲ. ‘ನಿಮ್ಮ ಲೆಕ್ಕದಲ್ಲಿ ಅಂಚಿಗೆ ಬಂದ ಕಾಳು ಹೊರಗೆ ಬಿದ್ದುಹೋಗುತ್ತದೆ. ಅಂಚು ಮುಚ್ಚಿಬಿಟ್ಟರೆ?’ ಅಂತ ಕೇಳಿದರು. ಮುಚ್ಚಿದರೆ ಕಾಳು ಒಂದು ಮಿತಿ ದಾಟಿದ ಮೇಲೆ ಜಾರುವುದು ನಿಲ್ಲುವುದೇ ಇಲ್ಲ ಅಂದೆ. ಹಾಗಾದರೆ ಅರ್ಧ ಮಾತ್ರ ಮುಚ್ಚೋಣ ಅಂದರು. ಊಟ ತಣ್ಣಗಾಯಿತು. ಪೇಪರ್ ನ್ಯಾಪ್‌ಕಿನ್ ಮೇಲೆ ಗೀಚಿದ್ದು ಸಾಲದೆ ಬ್ಲ್ಯಾಕ್‌ಬೋರ್ಡ್ ಹುಡುಕಿಕೊಂಡು ಹೋದೆವು. ನನ್ನ ಕೆಲಸ ಇನ್ನೊಬ್ಬರಿಗೆ ಬೇಕಾಗಿತ್ತು. ಆ ಸಂಜೆಯಿಂದ ನಾನು ಅಲ್ಲಿ ಅತಿಥಿ ಅಲ್ಲ.

ನಿಮಗೆಲ್ಲ ಹೇಗೆ ಅನ್ನಿಸಿದೆ? ವಿಜ್ಞಾನದವರೇ ಆಗಬೇಕಿಲ್ಲ, ಬೇರೆ ವಿಷಯದವರೂ ಬರೆಯಿರಿ.

ಬಿಸಿಲೂರು:

ಮೇಡಂ, ಭಾಳ ಚಲೋ ವಿಷಯ ಎತ್ತಿದ್ದೀರಿ. ನಾನು ಕಲಬುರಗಿಯವನು. ಗಣಿತದಲ್ಲಿ ಪಿಎಚ್‌ಡಿ ಮುಗಿಸಿ ಈಗ ಪೋಸ್ಟ್‌ಡಾಕ್, ಅಂದರೆ ತಾತ್ಕಾಲಿಕ ಸಂಶೋಧಕ. ಟ್ರಿಯೆಸ್ಟೆಯ ಒಂದು ಕಿರು ತರಬೇತಿ ಶಾಲೆಗೆ ನಾನೂ ಹೋಗಿದ್ದೆ. ರೂಮಿನಲ್ಲಿ ಜೊತೆಗಿದ್ದವನು ಪಾಕಿಸ್ತಾನದ ಮುಲ್ತಾನಿನ ಹುಡುಗ. ಮೊದಲ ದಿನ ಇಬ್ಬರೂ ಹುಷಾರಾಗಿ ಇಂಗ್ಲಿಷ್ ಮಾತಾಡಿದೆವು. ಯಾವ ಮಾತು ಎಲ್ಲಿ ಚುಚ್ಚುತ್ತದೋ ಅನ್ನುವ ಹೆದರಿಕೆ ಇಬ್ಬರಿಗೂ ಇತ್ತು. ಎರಡನೇ ದಿನ ನಮ್ಮ ಓಣಿಯ ದಖ್ಖನಿ ಉರ್ದು ಬಾಯಿಗೆ ಬಂತು. ಅವನು ನಕ್ಕು ನಕ್ಕು ಸಾಕಾದ. ನನ್ನ ‘ನಕ್ಕೊ’ (ಬೇಡ), ‘ಹೌ’ (ಹೌದು) ಕೇಳಲು ಬೇರೆ ರೂಮಿನವರನ್ನೂ ಕರೆತಂದ. ನಾನು ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮೂರನೇ ದಿನಕ್ಕೆ ಖಾಲಿ. ರಾತ್ರಿ ಕೂತು ಮಾಡಿದ ಲೆಕ್ಕಗಳಿಗೆ ಲೆಕ್ಕವಿಲ್ಲ. ನಾನು ಮುಲ್ತಾನಿಗೆ ಹೋಗುವುದಾಗಲಿ, ಅವನು ಕಲಬುರಗಿಗೆ ಬರುವುದಾಗಲಿ ಇವತ್ತಿನ ಸ್ಥಿತಿಯಲ್ಲಿ ಆಗದ ಮಾತು. ನಮ್ಮಿಬ್ಬರಿಗೆ ಕೂರಲು ಮೂರನೆಯ ಜಾಗ ಬೇಕಿತ್ತು. ಅದನ್ನು ಕಟ್ಟಿದವರ ಬಗ್ಗೆ ನನಗೆ ಜೀವಮಾನದ ಗೌರವ.

ಸಲಾಂ ಬಗ್ಗೆ ಇನ್ನೊಂದು ಮಾತು ಸೇರಿಸಬೇಕು. ಅವರು ಅಹ್ಮದಿಯಾ ಪಂಗಡದವರು. 1974ರಲ್ಲಿ ಪಾಕಿಸ್ತಾನ ಸಂವಿಧಾನ ತಿದ್ದಿ ಆ ಪಂಗಡದವರು ಮುಸ್ಲಿಮರೇ ಅಲ್ಲ ಅಂತ ಹೇಳಿತು. 1979ರಲ್ಲಿ ನೊಬೆಲ್ ಬಂದರೂ ಸ್ವಂತ ದೇಶದಲ್ಲಿ ಅವರಿಗೆ ಸಲ್ಲಬೇಕಾದ ಜಾಗ ಸಿಗಲಿಲ್ಲ. ಆದರೂ ಪಾಕಿಸ್ತಾನದ ಪೌರತ್ವ ಕೊನೆಯವರೆಗೂ ಬಿಡಲಿಲ್ಲ. 1996ರಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು, ಮಣ್ಣಾದದ್ದು ಪಾಕಿಸ್ತಾನದಲ್ಲೇ. ಮನೆಯವರೇ ಹೊರಗೆ ನಿಲ್ಲಿಸಿದ ಮನುಷ್ಯ ಇಷ್ಟು ಜನರಿಗೆ ಜಾಗ ಮಾಡಿಕೊಟ್ಟರಲ್ಲ, ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಆದರೆ ‘ಮತ್ತೆ ಬರಲು ದಾರಿ’ ಅಂದಿರಲ್ಲ, ಆ ದಾರಿಯಲ್ಲಿ ವೀಸಾ ಕೂತಿದೆ. ಬೇರೊಂದು ಸಮ್ಮೇಳನದಲ್ಲಿ ನೈಜೀರಿಯಾದ ನನ್ನ ಗೆಳೆಯನಿಗೆ ವೀಸಾ ಸಿಗಲಿಲ್ಲ. ಆಹ್ವಾನ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ವಾಪಸ್ ಟಿಕೆಟ್ ಎಲ್ಲ ಇತ್ತು. ಅವನ ಸಂಶೋಧನೆಯ ಪೋಸ್ಟರನ್ನು ನಾನೇ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ಬಂದವರೆಲ್ಲ ಪ್ರಶ್ನೆ ಕೇಳುತ್ತಿದ್ದರು, ನಾನು ಫೋನ್ ಹಿಡಿದು ಅವನಿಂದ ಉತ್ತರ ಹೇಳಿಸುತ್ತಿದ್ದೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಶೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಲ್ಲಿ 80 ಯೂರೊದಿಂದ 90 ಆಯಿತು. ನಿರಾಕರಿಸಿದರೆ ಅದು ವಾಪಸ್ ಬರುವುದಿಲ್ಲ. ಅವನ ಊರಿನ ಸಂಬಳದಲ್ಲಿ ಅದು ಸಣ್ಣ ಮೊತ್ತ ಅಲ್ಲ.

ಕೊನೆಯ ಬೆಂಚು:

ತುಂಗಾತೀರ ಅವರೇ, ಕ್ಷಮಿಸಿ, ನನಗೆ ಪೂರ್ತಿ ಒಪ್ಪಲು ಆಗುತ್ತಿಲ್ಲ. ನಾನು ದಾವಣಗೆರೆಯವನು. ಜರ್ಮನಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮತ್ತೆ ಬರುವ ಪ್ರಶ್ನೆಯೇ ಇಲ್ಲ, ದಿನಾ ಇಲ್ಲೇ ಇದ್ದೇನೆ. ಕೆಲಸವೂ ಕೈತುಂಬ ಇದೆ. ಆದರೂ ನಾನು ಇಲ್ಲಿಯವನು ಅನ್ನಿಸಿಲ್ಲ.

ಯಾರೂ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ ಮುಂಚೆಯೇ ಇಡೀ ಗುಂಪು ಕ್ಯಾಂಟೀನಿಗೆ ಹೊರಡುತ್ತದೆ, ನನ್ನನ್ನೂ ಕರೆಯುತ್ತಾರೆ. ಮಾತು ಇಂಗ್ಲಿಷಿನಲ್ಲೇ ಶುರುವಾಗುತ್ತದೆ. ಮನೆ ಬಾಡಿಗೆ, ಮಕ್ಕಳ ಶಾಲೆ, ಯಾರದ್ದೋ ಮದುವೆ ಅಂತ ಬಂದ ತಕ್ಷಣ ಅದು ತಾನಾಗಿಯೇ ಜರ್ಮನ್‌ಗೆ ಹೊರಳುತ್ತದೆ. ನನಗೆ ಅಂಗಡಿಗೆ ಬೇಕಾಗುವಷ್ಟು ಜರ್ಮನ್ ಬರುತ್ತದೆ, ನಗೆಚಾಟಿಕೆಗೆ ಬೇಕಾಗುವಷ್ಟು ಬರುವುದಿಲ್ಲ. ಎಲ್ಲರೂ ನಕ್ಕಾಗ ನಾನು ಸೂಪ್ ನೋಡುತ್ತಾ ಕೂತಿರುತ್ತೇನೆ. ನಮ್ಮ ಲ್ಯಾಬಿನ ಕೆಲಸ ಯಾವ ದಿಕ್ಕಿಗೆ ಹೋಗಬೇಕು ಅನ್ನುವ ಎಷ್ಟೋ ಮಾತು ಆ ಟೇಬಲ್ಲಿನಲ್ಲೇ ಮುಗಿದುಹೋಗಿರುತ್ತದೆ.

ಇನ್ನೊಂದು, ಅವಧಿಯ ಪ್ರಶ್ನೆ. ಇಲ್ಲಿ 2007ರ ಒಂದು ಕಾನೂನಿದೆ. ವಿಶ್ವವಿದ್ಯಾಲಯದ ಸಂಶೋಧಕರನ್ನು ತಾತ್ಕಾಲಿಕ ಒಪ್ಪಂದದ ಮೇಲೆ ಸಾಮಾನ್ಯವಾಗಿ ಪಿಎಚ್‌ಡಿಗೆ ಮುಂಚೆ 6 ವರ್ಷ, ಆಮೇಲೆ 6 ವರ್ಷ ಇಟ್ಟುಕೊಳ್ಳಬಹುದು. ಅಷ್ಟರೊಳಗೆ ಕಾಯಂ ಹುದ್ದೆ ಸಿಗದಿದ್ದರೆ ಬಹಳ ಸಲ ವಿಶ್ವವಿದ್ಯಾಲಯವನ್ನೇ ಬಿಡಬೇಕಾಗುತ್ತದೆ. ಆ ಕಾನೂನನ್ನು ಸಮರ್ಥಿಸುವ ಸರ್ಕಾರಿ ವಿಡಿಯೊದಲ್ಲಿ ಹಾನಾ ಅನ್ನುವ ಕಾಲ್ಪನಿಕ ಸಂಶೋಧಕಿ ಇದ್ದಳು. 2021ರಲ್ಲಿ ‘ಇಷ್ ಬಿನ್ ಹಾನಾ’ (ನಾನೇ ಹಾನಾ) ಅನ್ನುವ ಹ್ಯಾಶ್‌ಟ್ಯಾಗ್ ಇಟ್ಟುಕೊಂಡು ಇಲ್ಲಿನವರೇ ರಾಶಿ ರಾಶಿ ಬರೆದರು. ಜರ್ಮನ್ನರಿಗೇ ನೆಲೆ ಇಲ್ಲ ಅನ್ನಿಸುವಾಗ ನಮ್ಮ ಪಾಡೇನು? ನೀವು ಹೋಗಿ ಬರುವವರು, ನಿಮಗೆ ಶಿವಮೊಗ್ಗ ಇದೆ. ನನಗೆ ಇಲ್ಲಿ ಬೇರು ಇಳಿದಿಲ್ಲ, ಊರಿಗೆ ಹೋದರೆ ‘ಯಾವಾಗ ಸೆಟ್ಲ್ ಆಗ್ತೀಯಾ’ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ.

ತುಂಗಾತೀರ:

ಕೊನೆಯ ಬೆಂಚು ಅವರೇ, ಇದನ್ನು ಇಷ್ಟು ಬಿಚ್ಚಿ ಬರೆದಿದ್ದಕ್ಕೆ ಧನ್ಯವಾದ. ನನಗೆ ಊರಲ್ಲಿ ಕಾಯಂ ಕೆಲಸ ಇದೆ, ಆ ಧೈರ್ಯದ ಮೇಲೆ ನಾನು ಮಾತಾಡುತ್ತಿದ್ದೇನೆ. ಸಲಾಂ ಯೋಜನೆಯ ಗಟ್ಟಿತನವೂ ಅದೇ ಅಲ್ವಾ? ಕಾಲಿಡಲು ಮನೆ ಕಡೆ ನೆಲ ಇರಲಿ ಅಂತಲೇ ಅವರು ಶುರು ಮಾಡಿದ್ದು.

ಆದರೆ ಕೆಲಸ ಇರುವುದು ಬೇರೆ, ನಮ್ಮ ಅಭಿಪ್ರಾಯವನ್ನು ಯಾರಾದರೂ ಕೇಳುವುದು ಬೇರೆ. ನೀವೇ ಹೇಳಿದಿರಿ, ದಿಕ್ಕು ತೀರ್ಮಾನವಾಗುವುದು ಊಟದ ಟೇಬಲ್ಲಿನಲ್ಲಿ ಅಂತ. ಹಾಗಾದರೆ ನಿಮ್ಮನ್ನು ಕಾಡುತ್ತಿರುವುದು ಭಾಷೆ ಒಂದೇ ಅಲ್ಲ. ನಿಮ್ಮ ಗುಂಪಿನ ವಾರದ ಸೆಮಿನಾರ್ ನಡೆಸುವವರು ಯಾರು? ಯಾರನ್ನು ಕರೆಯಬೇಕು ಅಂತ ಪಟ್ಟಿ ಮಾಡುವವರು ಯಾರು? ಆ ಕೆಲಸ ಯಾರಿಗೂ ಬೇಡವಾಗಿರುತ್ತದೆ. ಕೇಳಿ ತೆಗೆದುಕೊಳ್ಳಿ. ಬಂದ ಅತಿಥಿಯನ್ನು ನೀವೇ ಊಟಕ್ಕೆ ಕರೆದುಕೊಂಡು ಹೋಗುತ್ತೀರಿ, ಆ ದಿನ ಟೇಬಲ್ಲಿನ ಮಾತು ಇಂಗ್ಲಿಷಿನಲ್ಲಿ, ವಿಷಯ ನಿಮ್ಮದು. ಒಪ್ಪಂದದ ಅವಧಿಗೆ ಇದು ಮದ್ದಲ್ಲ, ಅದು ನನಗೂ ಗೊತ್ತು.

ಗಣಿತದ ಮೇಷ್ಟ್ರು:

ಮಕ್ಕಳೇ, ನಿವೃತ್ತನಾಗಿ ಮೈಸೂರಿನಲ್ಲಿ ಕೂತಿರುವವನ ನಾಲ್ಕು ಮಾತು ಕೇಳಿ.

ನಮ್ಮ ಕಾಲದಲ್ಲಿ ದೂರ ಅಂದರೆ ಅಂಚೆಯ ದೂರ. ಅಲ್ಲಿ ಒಬ್ಬರು ಹೊಸ ಫಲಿತಾಂಶ ಪಡೆದರೆ ಅದರ ಪ್ರತಿಯನ್ನು ತಮಗೆ ಗೊತ್ತಿದ್ದ ವಿಭಾಗಗಳಿಗೆ ಕಳಿಸುತ್ತಿದ್ದರು. ಆ ಪಟ್ಟಿಯಲ್ಲಿ ನಮ್ಮ ವಿಭಾಗ ಇಲ್ಲ. ಪತ್ರಿಕೆಯಲ್ಲಿ ಅಚ್ಚಾಗಿ, ಹಡಗಿನ ಅಂಚೆಯಲ್ಲಿ ಬಂದು, ಲೈಬ್ರರಿಯಲ್ಲಿ ಬೈಂಡ್ ಆಗಿ ಕೈಗೆ ಸಿಗುವ ಹೊತ್ತಿಗೆ ಆ ಪ್ರಶ್ನೆಯೇ ಮುಗಿದುಹೋಗಿರುತ್ತಿತ್ತು. ನಾವು ದಡ್ಡರಾಗಿರಲಿಲ್ಲ, ತಡವಾಗಿದ್ದೆವು. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಆರ್ಕೈವ್, ಅಂದರೆ ಹೊಸ ಪೇಪರ್‌ಗಳು ಅಚ್ಚಾಗುವ ಮೊದಲೇ ಎಲ್ಲರಿಗೂ ಕಂಪ್ಯೂಟರಿನಲ್ಲಿ ಸಿಗುವ ಭಂಡಾರ, ಶುರು ಮಾಡಿದ್ದು ನಮ್ಮಂಥವರಿಗೆ ದೊಡ್ಡ ಉಪಕಾರ. ಈಗ ಬಾಗಲಕೋಟೆಯ ಹುಡುಗಿ, ಪ್ರಿನ್ಸ್‌ಟನ್ನಿನ ಪ್ರೊಫೆಸರ್ ಇಬ್ಬರೂ ಒಂದೇ ದಿನ ಒಂದೇ ಪಟ್ಟಿ ನೋಡುತ್ತಾರೆ. ಆದರೆ ಅವರದ್ದನ್ನು ನಾವು ಓದುತ್ತೇವೆ, ನಮ್ಮದನ್ನು ಅವರು ಓದುತ್ತಾರಾ? ಆ ಅರ್ಧ ಇನ್ನೂ ಬಾಕಿ ಇದೆ.

ನನ್ನ ಮಟ್ಟಿಗೆ ಲೆಕ್ಕ ಬದಲಾಗಿದ್ದು 2010ರ ಆಗಸ್ಟ್‌ನಲ್ಲಿ. ಗಣಿತಜ್ಞರ ಅಂತಾರಾಷ್ಟ್ರೀಯ ಕಾಂಗ್ರೆಸ್ ಹೈದರಾಬಾದಿನಲ್ಲಿ ನಡೆಯಿತು. 1897ರಿಂದ ನಡೆದುಬಂದ ಸಭೆ ಭಾರತಕ್ಕೆ ಬಂದಿದ್ದು ಅದೇ ಮೊದಲು. ನಾನು ಬಸ್ಸಿನಲ್ಲಿ ಹೋಗಿದ್ದೆ, ವೀಸಾ ಇಲ್ಲ, ಕೋಟು ಸಾಲ ಪಡೆಯುವ ಗೋಜಿಲ್ಲ. ನನ್ನ ವಿಷಯದಲ್ಲಿ ದೊಡ್ಡ ಹೆಸರಿನ ಫ್ರೆಂಚ್ ಪ್ರಾಧ್ಯಾಪಕರೊಬ್ಬರು ಟೀ ಹೊತ್ತಿನಲ್ಲಿ ಚಾರ್‌ಮಿನಾರ್‌ಗೆ ಹೇಗೆ ಹೋಗಬೇಕು ಅಂತ ಕೇಳಿದರು. ಆಟೋದಲ್ಲಿ ಜೊತೆಗೇ ಹೋದೆ. ದಾರಿಯುದ್ದಕ್ಕೂ ಅವರು ನನ್ನ ಕೆಲಸದ ಬಗ್ಗೆ ಕೇಳಿದರು, ಕೊನೆಗೆ ಪೇಪರ್ ಕಳಿಸಲು ಹೇಳಿದರು. ಅವರ ಊರಿನಲ್ಲಿ ಭೇಟಿಯಾಗಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ. ಆತಿಥೇಯನಿಗೆ ಅಂಜಿಕೆ ಇರುವುದಿಲ್ಲ.

ಹಾಗಾಗಿ ತುಂಗಾತೀರ ಅವರ ಮಾತಿಗೆ ನನ್ನದೊಂದು ಸೇರ್ಪಡೆ. ನಾವು ಹೋಗುವುದು ಮಾತ್ರ ಸಾಲದು, ಅವರನ್ನು ಇಲ್ಲಿಗೆ ಬರಮಾಡಿಕೊಳ್ಳಬೇಕು. ಬೆಂಗಳೂರಿನ ಹೆಸರಘಟ್ಟ ಕಡೆ ಇರುವ ಐಸಿಟಿಎಸ್ (ಅಂತಾರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ) 2007ರಲ್ಲಿ ಶುರುವಾಗಿದ್ದು ಈ ಥರದ ಕೆಲಸಕ್ಕೇ. ಐಸಿಟಿಪಿ ಕೂಡ ಬ್ರೆಜಿಲ್‌ನ ಸಾವೊ ಪಾಲೊ, ರುವಾಂಡದ ಕಿಗಾಲಿಯಲ್ಲಿ ಜೊತೆ ಕೇಂದ್ರಗಳನ್ನು ಮಾಡಿದೆ. ಸಲಾಂ 1983ರಲ್ಲಿ ಮುಂದೆ ನಿಂತು ಕಟ್ಟಿದ ಮೂರನೇ ಜಗತ್ತಿನ ವಿಜ್ಞಾನ ಅಕಾಡೆಮಿಗೆ ನಮ್ಮ ಸಿ.ಎನ್.ಆರ್. ರಾವ್ ಅಧ್ಯಕ್ಷರಾಗಿದ್ದರು. ಐಸಿಟಿಪಿ ಕೊಡುವ ಗಣಿತದ ರಾಮಾನುಜನ್ ಪ್ರಶಸ್ತಿಯನ್ನು 2006ರಲ್ಲಿ ಪಡೆದ ಸುಜಾತಾ ರಾಮದೊರೈ ಬಿ.ಎಸ್ಸಿ. ಓದಿದ್ದು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ. ಇದನ್ನೆಲ್ಲ ನಮ್ಮ ವಿದ್ಯಾರ್ಥಿಗಳಿಗೆ ಯಾರೂ ಹೇಳುವುದೇ ಇಲ್ಲ.

ಸ್ವರ್ಣೆಯ ದಡ:

ಉಡುಪಿಯಿಂದ. ಮೇಷ್ಟ್ರೇ, ನಿಮ್ಮ ಆಟೋ ಪ್ರಸಂಗ ಓದಿ ಖುಷಿಯಾಯಿತು. ಆದರೆ ಹೆಂಗಸರ ಕಡೆಯಿಂದ ಒಂದೆರಡು ಮಾತು ಹೇಳಲೇಬೇಕು.

ನಾನು ಭಾಷಾವಿಜ್ಞಾನದವಳು. ಸಮ್ಮೇಳನದಲ್ಲಿ ಜನ ಮೊದಲು ನೋಡುವುದು ಕುತ್ತಿಗೆಯ ಬ್ಯಾಡ್ಜನ್ನು. ಸಂಸ್ಥೆಯ ಹೆಸರು ಗೊತ್ತಿರುವುದಾದರೆ ನಿಲ್ಲುತ್ತಾರೆ, ಇಲ್ಲದಿದ್ದರೆ ಕಣ್ಣು ಆಚೆಗೆ ಹೋಗುತ್ತದೆ. ಮುಖ ನೋಡಿ ಮಣೆ ಹಾಕುವುದು ಅನ್ನುತ್ತೇವಲ್ಲ, ಅದು ಅಲ್ಲೂ ಇದೆ. ಅದನ್ನಾದರೂ ಸಹಿಸಬಹುದು. ನನಗೆ ಹೋಗುವುದೇ ಕಷ್ಟವಾಗಿತ್ತು. ಮಗಳಿಗೆ ಆಗ ಎರಡು ವರ್ಷ. ಕಾಲೇಜಿನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಒಒಡಿ (ಕೆಲಸದ ಮೇಲೆ ಹೊರಗೆ ಹೋಗುವ ಅನುಮತಿ) ಮಂಜೂರಾಗಬೇಕು. ಫೈಲ್ ಮೇಲೆ ಹೋಗಿದೆ, ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಮೌಲ್ಯಮಾಪನ ಮುಗಿಯಲಿ, ಕಾಲೇಜಿನ ಗುಣಮಟ್ಟ ನೋಡುವ ನ್ಯಾಕ್ ತಂಡ ಬರುತ್ತಿದೆ. ಅನುಮತಿ ಬಂದಿದ್ದು ಸಮ್ಮೇಳನ ಶುರುವಾದ ಮೇಲೆ. ಸಲಾಂ ಅವರಿಗೆ ವಿವರಣೆ ಕೇಳಿದ್ದನ್ನು ಓದಿದಾಗ ನನಗೆ ಅದು ಹಳೆಯ ಕತೆ ಅನ್ನಿಸಲೇ ಇಲ್ಲ.

ಮುಂದಿನ ಸಲ ಹೋಗಲು ಆಗಿದ್ದು ಯಾಕೆ ಗೊತ್ತಾ? ಆ ಸಮ್ಮೇಳನದವರು ಮಗುವನ್ನು ನೋಡಿಕೊಳ್ಳುವ ಖರ್ಚಿಗೆ ಅಂತ ಹಣ ಇಟ್ಟಿದ್ದರು. ಅದರಲ್ಲಿ ಅಮ್ಮನ ಟಿಕೆಟ್ ತೆಗೆಸಿದೆ. ನಾನು ಮಾತಾಡುವಾಗ ಅಮ್ಮ ಮಗಳನ್ನು ಎತ್ತಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದರು. ಯಾರೂ ಹುಬ್ಬು ಗಂಟಿಕ್ಕಲಿಲ್ಲ. ಅರ್ಜಿ ನಮೂನೆಯಲ್ಲಿದ್ದ ಆ ಒಂದು ಕಾಲಂ ನನ್ನಂಥವರನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದಾರೆ ಅಂತ ತೋರಿಸಿತು. ನೂರು ಸ್ವಾಗತ ಭಾಷಣ ಆ ಕೆಲಸ ಮಾಡುವುದಿಲ್ಲ. ಹೊರದೇಶದವರಿಗೆ ಇದು ಹೊಳೆಯುತ್ತದೆ, ನಮ್ಮ ಇಲಾಖೆಗಳಿಗೆ ಎನ್‌ಒಸಿಗೆ ಒಂದು ಗಡುವು ಇಡುವುದು ಹೊಳೆಯುವುದಿಲ್ಲವಾ?

ಬಿಸಿಲೂರು:

ಸ್ವರ್ಣೆ ಅಕ್ಕಾ, ಗಡುವಿನ ಮಾತು ನೂರಕ್ಕೆ ನೂರು ನಿಜ. ಅಧ್ಯಾಪಕರ ಸಂಘಗಳು ಸಂಬಳ, ವರ್ಗಾವಣೆಗೆ ಕೊಡುವ ಮನವಿಯಲ್ಲಿ ಇದನ್ನೂ ಒಂದು ಸಾಲು ಸೇರಿಸಲಿ.

ಕೊನೆಯ ಬೆಂಚು:

ಒಂದು ಸಣ್ಣ ಸುದ್ದಿ. ತುಂಗಾತೀರ ಅವರು ಹೇಳಿದ ಮೇಲೆ ಗೈಡ್ ಹತ್ತಿರ ಹೋಗಿ ಸೆಮಿನಾರ್ ಕೆಲಸ ನಾನು ಮಾಡುತ್ತೇನೆ ಅಂದೆ. ಅವರಿಗೆ ತುಂಬ ಸಮಾಧಾನವಾಯಿತು. ಮೊದಲ ಅತಿಥಿಯಾಗಿ ಘಾನಾದ ಒಬ್ಬರನ್ನು ಆನ್‌ಲೈನ್‌ನಲ್ಲಿ ಕರೆದಿದ್ದೇನೆ. ನಮ್ಮ ಗುಂಪಿನಲ್ಲಿ ಅವರ ಪೇಪರ್ ಓದಿದವನು ನಾನೊಬ್ಬನೇ, ಹಾಗಾಗಿ ಪರಿಚಯವೂ ನನ್ನದೇ. ಒಪ್ಪಂದದ ಚಿಂತೆ ಇದ್ದಲ್ಲೇ ಇದೆ. ಜರ್ಮನ್ ಕ್ಲಾಸಿಗೂ ಸೇರಿದ್ದೇನೆ.

ರಾಯಚೂರು ಎಂಎಸ್ಸಿ:

ಎಲ್ಲರಿಗೂ ನಮಸ್ತೆ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಾನು ಫಿಸಿಕ್ಸ್ ಎಂ.ಎಸ್ಸಿ. ಎರಡನೇ ವರ್ಷ. ಪಿಯುಸಿವರೆಗೆ ಕನ್ನಡ ಮಾಧ್ಯಮ. ನಮ್ಮ ವಿಭಾಗದಿಂದ ಯಾರೂ ಹೊರಗೆ ಹೋದ ಉದಾಹರಣೆ ಇಲ್ಲ. ಐಸಿಟಿಪಿಯಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ ಅಂತ ಕೇಳಿದ್ದೇನೆ. ಅರ್ಜಿಗೆ ಎಷ್ಟು ದುಡ್ಡು ಬೇಕು? ಶಿಫಾರಸು ಪತ್ರ ಕೊಡುವ ಸರ್‌ಗಳು ಹೆಸರಾದವರಲ್ಲ, ಅದು ತೊಂದರೆಯಾ? ‘ನಾನು ಯಾಕೆ ಬರಬೇಕು’ ಅಂತ ಒಂದು ಪುಟ ಬರೆಯಬೇಕಂತೆ. ಮೂರು ಸಲ ಬರೆದು ಹರಿದು ಹಾಕಿದೆ. ನನ್ನ ಹತ್ತಿರ ಅವರಿಗೆ ಹೇಳುವಂಥದ್ದು ಏನೂ ಇಲ್ಲ ಅನ್ನಿಸುತ್ತದೆ.

ತುಂಗಾತೀರ:

ತಂಗೀ, ಚೆನ್ನಾಗಿ ಬಂದೆ ಇಲ್ಲಿಗೆ. ಡಿಪ್ಲೊಮಾ 1991ರಿಂದ ನಡೆಯುತ್ತಿದೆ. ಪಿಎಚ್‌ಡಿಗೆ ಮುಂಚಿನ ತಯಾರಿ ಅದು, ನಮ್ಮಂಥ ದೇಶಗಳ ವಿದ್ಯಾರ್ಥಿಗಳಿಗೇ ಮಾಡಿದ್ದು. ಆಯ್ಕೆಯಾದರೆ ವಿದ್ಯಾರ್ಥಿವೇತನ ಇದೆ. ಈ ವರ್ಷದ ಕೊನೆಯ ದಿನಾಂಕ, ಬೇಕಾದ ಕಾಗದಪತ್ರಗಳನ್ನು ಅವರ ವೆಬ್‌ಸೈಟಿನಲ್ಲೇ ನೋಡಿಕೋ. ಅಲ್ಲಿನ ಚಿಕ್ಕ ಶಾಲೆಗಳಿಗೆ ಸಾಮಾನ್ಯವಾಗಿ ನೋಂದಣಿ ಶುಲ್ಕ ಇರುವುದಿಲ್ಲ. ಪ್ರಯಾಣಕ್ಕೆ ಕೆಲವರಿಗೆ ನೆರವೂ ಸಿಗುತ್ತದೆ, ನೆರವು ಬೇಕು ಅನ್ನುವುದನ್ನು ಅರ್ಜಿಯಲ್ಲೇ ಬರೆಯಬೇಕು. ಜೊತೆಗೆ ಐಸಿಟಿಎಸ್ ಕಾರ್ಯಕ್ರಮಗಳಿಗೂ ಹಾಕು, ಅದಕ್ಕೆ ವೀಸಾ ಬೇಡ, ರಾಯಚೂರಿನಿಂದ ರೈಲು ಹತ್ತಿದರೆ ಸಾಕು.

ಶಿಫಾರಸು ಕೊಡುವವರು ಹೆಸರಾದವರೇ ಆಗಬೇಕಿಲ್ಲ. ನಿನ್ನ ಕೆಲಸ ಹತ್ತಿರದಿಂದ ನೋಡಿದವರಾಗಿರಲಿ. ಯಾವ ಲೆಕ್ಕ ನೀನೇ ಬಿಡಿಸಿದೆ, ಎಲ್ಲಿ ಪಟ್ಟು ಹಿಡಿದು ಕೂತೆ ಅಂತ ಅವರು ಬರೆದರೆ ಅದಕ್ಕೆ ತೂಕ ಜಾಸ್ತಿ.

ಆ ಒಂದು ಪುಟದಲ್ಲಿ ಬಡತನ, ಕಷ್ಟ, ಕನಸು ಅಂತ ಶುರು ಮಾಡಬೇಡ. ನಿನ್ನ ಪ್ರಾಜೆಕ್ಟಿನಲ್ಲಿ ಅರ್ಥವಾಗದೆ ಉಳಿದ ಒಂದು ಪ್ರಶ್ನೆಯಿಂದ ಶುರು ಮಾಡು. ನಿನಗೆ ಯಾವ ವಿಷಯದ ಮೇಲೆ ಪ್ರಾಜೆಕ್ಟ್ ಇದೆ?

ರಾಯಚೂರು ಎಂಎಸ್ಸಿ:

ಬಿಸಿಲಿಗೆ ಸೋಲಾರ್ ಪ್ಯಾನೆಲ್ ಕಾದಾಗ ವಿದ್ಯುತ್ ಯಾಕೆ ಕಡಿಮೆಯಾಗುತ್ತದೆ ಅಂತ ಮೇಡಂ. ನಮ್ಮ ಹಾಸ್ಟೆಲ್ ಮಾಳಿಗೆ ಮೇಲಿನ ಪ್ಯಾನೆಲ್ ಮೇಲೆ ಏಪ್ರಿಲ್, ಮೇ ತಿಂಗಳ ಅಳತೆ ತೆಗೆದಿದ್ದೇನೆ. ಮಧ್ಯಾಹ್ನ ಲೆಕ್ಕ ಹೇಳುವುದಕ್ಕಿಂತಲೂ ಜಾಸ್ತಿ ಇಳಿಯುತ್ತದೆ. ಧೂಳಿನಿಂದಲಾ, ಬಿಸಿಗಾಳಿಯಿಂದಲಾ ಅಂತ ಬಿಡಿಸಿ ಹೇಳಲು ಇನ್ನೂ ಆಗಿಲ್ಲ.

ತುಂಗಾತೀರ:

ಇದನ್ನೇ ಬರಿ. ಇದೇ ಮೊದಲ ಸಾಲು. ಕನ್ನಡದಲ್ಲೇ ಬರೆದು ಕಳಿಸಿದರೂ ಪರವಾಗಿಲ್ಲ, ಇಂಗ್ಲಿಷಿಗೆ ಜೊತೆಗೆ ಕೂತು ತರೋಣ. ಅಳತೆಯ ಪಟ್ಟಿಯನ್ನೂ ಕಳಿಸು.

ಬಿಸಿಲೂರು:

ಅಳತೆ ನನಗೂ ಕಳಿಸವ್ವಾ. ಕಲಬುರಗಿಯ ನಮ್ಮ ಮನೆ ಮಾಳಿಗೆ ಮೇಲೂ ಪ್ಯಾನೆಲ್ ಇದೆ. ದಿನಾ ಒರೆಸಿದ್ದು ಒಂದು, ಒರೆಸದೆ ಬಿಟ್ಟಿದ್ದು ಒಂದು, ಎರಡನ್ನೂ ಅಳೆದು ಕೊಡಲು ತಮ್ಮನಿಗೆ ಹೇಳುತ್ತೇನೆ. ಯಾವ ಹೊತ್ತಿಗೆ ಅಳೆಯಬೇಕು ಅಂತ ಮಾತ್ರ ಬರೆದು ತಿಳಿಸು.